ಉಸಿರಿಗೆ ಕಾಯುವವರು

“ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪ್ರತಿ ಸಾಲಿನ ಕೊನೆಗೂ ನಿಮಗೆ ನಿದ್ದೆ ಬರುತ್ತಾ?”

ಶನಿವಾರ ಸಂಜೆಯ ಅಭ್ಯಾಸ ಆಗಷ್ಟೇ ಮುಗಿದಿತ್ತು. ಕ್ವಾಯರಿನ ಉಳಿದ ಹಾಡುಗಾರರೆಲ್ಲ ಚರ್ಚಿನ ಮೆಟ್ಟಿಲಿಳಿದು ಹೋಗಿದ್ದರು. ಟೈಲರಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಆರ್ಗನ್ ಪಕ್ಕ ನಿಂತಿದ್ದಳು. ಈಚೆಗೆ ಹಾಡುಗಳು ಎಳೆದಾಡುತ್ತಿವೆ ಎಂದು ಎಲ್ಲರೂ ಗೊಣಗುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಎಂದಿನಂತೆ ಇವಳ ಪಾಲಿಗೇ ಬಂದಿತ್ತು.

ಮೇಷ್ಟ್ರು ನಕ್ಕರು. ವಾರವಿಡೀ ಹೊಲಿಗೆ ಮಷೀನು ರಿಪೇರಿ, ಭಾನುವಾರ ಆರ್ಗನ್, ಇದು ಅವರ ಬದುಕು. ಕೇಳಿದವರಿಗೆಲ್ಲ ಒಂದೇ ಜೋಕು: “ಎರಡನ್ನೂ ಕಾಲಲ್ಲೇ ತುಳೀಬೇಕು. ಒಂದರಿಂದ ಬಟ್ಟೆ ಬರುತ್ತೆ, ಇನ್ನೊಂದರಿಂದ ಬೈಗುಳ.”

“ನಿದ್ದೆಯಲ್ಲ, ಕಾಯ್ತೀನಿ,” ಎಂದರು.

“ಯಾರಿಗೆ?”

“ನಿಮಗೆ. ಬಟ್ಟೆ ಧೂಳು ಕುಡಿದೂ ಕುಡಿದೂ ನಿಮ್ಮ ಉಸಿರು ಸಾಲಿನ ಕೊನೆವರೆಗೆ ಬರಲ್ಲ. ನೀವು ಉಸಿರು ಎಳ್ಕೊಂಡ ಮೇಲೆ ಮುಂದಿನ ಸಾಲಿಗೆ ಹೋಗ್ತೀನಿ. ಅಷ್ಟೇ.”

ಬೆನ್ನು ಹಾಕಿ ಕೂತು ನುಡಿಸುವವರಿಗೆ ಕ್ವಾಯರ್ ಕಾಣಲೆಂದು ಆರ್ಗನ್ ಮೇಲೆ ಒಂದು ಪುಟ್ಟ ಕನ್ನಡಿಯಿತ್ತು. ಮೇಷ್ಟ್ರು ಎದ್ದ ಜಾಗದಲ್ಲಿ ಕೂತು ಟೈಲರಮ್ಮ ಅದರಲ್ಲಿ ಇಣುಕಿದಳು. ಕಂಡದ್ದು ಒಂದೇ ಕುರ್ಚಿ, ಎರಡನೇ ಸಾಲಿನ ಅಂಚಿನದು. ಅವಳದೇ.

“ಕನ್ನಡಿ ವಾರೆಯಾಗಿದೆ ಮೇಷ್ಟ್ರೇ.”

“ಹೌದಾ? ನನಗೆ ಸರಿಯಾಗೇ ಕಾಣುತ್ತಲ್ಲ.”

ಅವಳ ಕಿವಿ ಬಿಸಿಯಾಯಿತು. ಬೈಯಲು ಬಂದವಳು ಬೈಯದೆ ಹೋದಳು.

ಅವಳಿಗೆ ಗಂಡನಿದ್ದ. ಇದ್ದ ಎಂದರೆ, ಇದ್ದ ಅಷ್ಟೇ. ಮಾರ್ಕೆಟ್ಟಿನ ಆಚೆ ಅವನಿಗೆ ಇನ್ನೊಂದು ಮನೆ, ಆ ಮನೆಯಲ್ಲಿ ಇನ್ನೊಬ್ಬಳು. ಹೆಂಡತಿಯ ಹತ್ತಿರ ವಾರಕ್ಕೊಮ್ಮೆ ಬಂದು ಕೊಳೆ ಶರ್ಟು ಬಿಸಾಕಿ, ಇಸ್ತ್ರಿ ಮಾಡಿದ್ದನ್ನು ಒಯ್ಯುತ್ತಿದ್ದ. ಅವನನ್ನು ಹೆತ್ತ ತಾಯಿ ಮಾತ್ರ ಸೊಸೆಯ ಜೊತೆಗೇ ಉಳಿದಿದ್ದಳು.

ಅಂದಿನಿಂದ ಭಾನುವಾರ ಬೆಳಿಗ್ಗೆ ಟೈಲರಮ್ಮ ಎರಡೆರಡು ಸಲ ತಲೆ ಬಾಚತೊಡಗಿದಳು. ಕೀರ್ತನೆಯ ಸಾಲು ಮುಗಿಯುವುದು, ಆರ್ಗನ್ನಿನ ನಾದ ಒಂದಿಷ್ಟು ಹೊತ್ತು ಹಾಗೇ ನಿಲ್ಲುವುದು, ಕನ್ನಡಿಯೊಳಗಿನ ಕಣ್ಣು ಮೇಲೇಳುವುದು, ಅವಳ ಕಣ್ಣು ಪುಸ್ತಕಕ್ಕಿಳಿಯುವುದು. ಒಮ್ಮೆ ಅವಳ ಕಣ್ಣು ಇಳಿಯಲು ಮರೆಯಿತು. ಅವತ್ತು ಮೇಷ್ಟ್ರ ಕೈ ತಪ್ಪು ಸ್ವರದ ಮನೆಗೆ ಬಿದ್ದು ಇಡೀ ಕ್ವಾಯರ್ ಅಡ್ಡದಾರಿ ಹಿಡಿಯಿತು.

“ಅದೆಷ್ಟು ಬಾಚ್ತೀಯೇ? ಇರೋ ನಾಲ್ಕು ಕೂದಲೂ ಉದುರಿ ಹೋಗುತ್ತೆ,” ಎಂದು ಅತ್ತೆ ಛೇಡಿಸಿದಳು. ಆಮೇಲೆ ದನಿ ತಗ್ಗಿಸಿದಳು. “ನೋಡು ಮಗಳೇ, ಹೆತ್ತೋಳ ಬಾಯಲ್ಲಿ ಹೇಳಬಾರದು. ಆದ್ರೂ ಹೇಳ್ತೀನಿ, ನನ್ನ ಮಗ ನಿನಗೆ ತಕ್ಕೋನಲ್ಲ. ಆ ಮೇಷ್ಟ್ರು ಕರೆದ್ರೆ ಹೋಗು. ಯಾರೇನಂದ್ರೂ ನಾನಿದ್ದೀನಿ.”

“ಅತ್ತೆ, ನಿಮ್ಮ ಮಗ ಮಾತು ತಪ್ಪಿದ್ರು ಅಂತ ನನ್ನ ಮಾತೂ ಸುಳ್ಳಾಗುತ್ತಾ? ಮದುವೆ ದಿನ ನಾನು ಮಾತು ಕೊಟ್ಟಿದ್ದು ಅವರೊಬ್ಬರಿಗೇ ಅಲ್ಲ. ಮೇಲೆ ಕೇಳಿಸ್ಕೊಂಡೋನೊಬ್ಬ ಇದ್ದಾನೆ.”

“ಆ ಮೇಲಿನೋನಿಗೆ ನಿನ್ನ ಕಣ್ಣೀರು ಕಾಣಲ್ವಾ?”

“ಕಾಣುತ್ತೆ. ನಾನು ಕನ್ನಡಿ ನೋಡೋದೂ ಕಾಣುತ್ತಲ್ಲ ಅತ್ತೆ.”

ಮುದುಕಿ ಸೋಲಲಿಲ್ಲ. ಮಷೀನಿನ ಬೆಲ್ಟು ಬದಲಿಸಲು ಮೇಷ್ಟ್ರು ಬಂದ ಮಧ್ಯಾಹ್ನ “ಸೂಜಿ ತರ್ತೀನಿ” ಎಂದು ಅಂಗಡಿಗೆ ಹೊರಟೇಬಿಟ್ಟಳು. ಟೈಲರ್ ಮನೆಯಲ್ಲಿ ಸೂಜಿಗೇನು ಬರ! ಅವಳು ಬಾಗಿಲು ದಾಟುವವರೆಗೆ ಇಬ್ಬರೂ ನಗು ತಡೆದುಕೊಂಡರು. ಆಮೇಲೆ ನಗು ಬರಲಿಲ್ಲ.

ಮೇಷ್ಟ್ರು ಚಕ್ರದ ಮೇಲೆ ಕೈಯಿಟ್ಟು, ತಲೆಯೆತ್ತದೆ ಹೇಳಿದರು. “ಬೇರೆ ಊರಲ್ಲಿ ಕೆಲಸಕ್ಕೆ ಕರೀತಿದ್ದಾರೆ. ಎರಡು ಕೋಣೆ ಮನೆ ನೋಡಿದೀನಿ. ಕಿಟಕಿ ಹತ್ರ ಒಳ್ಳೇ ಬೆಳಕು, ಮಷೀನು ಹಾಕಬಹುದು. ಬರ್ತೀರಾ?”

ಆ ಬೆಳಕು ಅವಳಿಗೆ ಕಂಡಿತು. ಅದರಲ್ಲಿ ಬಟ್ಟೆ ಹರವಿ ಕೂತಂತೆ, ಬೆನ್ನ ಹಿಂದೆ ಯಾರೋ ಗುನುಗುತ್ತ ಓಡಾಡಿದಂತೆ ಕೂಡ ಅನಿಸಿತು.

“ಆಸೆ ಇಲ್ಲ ಅಂತ ಸುಳ್ಳು ಹೇಳಲ್ಲ ಮೇಷ್ಟ್ರೇ. ಜೀವ ಹೋಗೋವಷ್ಟಿದೆ. ಆದ್ರೆ ಬರಲ್ಲ.”

“ಅವರು ತಿರುಗಿ ಬರ್ತಾರೆ ಅಂತ ನಂಬಿಕೆನಾ?”

“ಆ ನಂಬಿಕೆ ಹೋಗಿ ಎಷ್ಟೋ ಕಾಲ ಆಯ್ತು. ದೇವರ ಮುಂದೆ ಆದ ಮದುವೆ ಅದು. ಅವರಂತೂ ಕೈಬಿಟ್ರು. ನಾನೂ ಬಿಟ್ರೆ ಅದು ಯಾರ ಹತ್ರ ಉಳಿಯುತ್ತೆ?”

ಮೇಷ್ಟ್ರೂ ಅದೇ ದೇವರ ಮುಂದೆ ಕೂತು ನುಡಿಸುವವರು.

“ಇನ್ನೊಂದು. ಭಾನುವಾರ ನನಗೆ ಕಾಯಬೇಡಿ.”

“ಒಂದು ಉಸಿರು. ಅದೂ ತಪ್ಪಾ?”

“ವಾರವೆಲ್ಲ ನಾನು ಆ ಒಂದು ಉಸಿರಿಗೇ ಬದುಕ್ತಿದ್ದೀನಿ. ಮನೆ ಬಿಟ್ರೆ ಮಾತ್ರ ಗಂಡನ್ನ ಬಿಟ್ಟ ಹಾಗಾ ಮೇಷ್ಟ್ರೇ?”

ಅತ್ತೆ ತಿರುಗಿ ಬಂದಾಗ ಮಷೀನು ಸರಿಯಾಗಿತ್ತು. ಮೇಷ್ಟ್ರು ಹೋಗಿದ್ದರು.

ಆ ಭಾನುವಾರ ಮೇಷ್ಟ್ರು ಟೈಲರಮ್ಮನ ಮಾತು ಕೇಳಿದರು. ಮೊದಲ ಸಾಲು ಮುಗಿದದ್ದೇ ಎರಡನೆಯದಕ್ಕೆ ಹೋದರು. ಟೈಲರಮ್ಮನ ದನಿ ಮಧ್ಯದಲ್ಲೇ ತುಂಡಾಯಿತು. ಮೂರನೇ ಸಾಲಿನ ಕೊನೆಗೆ ಆರ್ಗನ್ ನಿಂತಿತು. ಎಂದೂ ನಿಲ್ಲದಷ್ಟು ಹೊತ್ತು ಒಂದೇ ನಾದ ಹಿಡಿದು ನಿಂತುಬಿಟ್ಟಿತು. ಜನ ಕತ್ತು ತಿರುಗಿಸಿ ನೋಡಿದರು. ಕನ್ನಡಿಯೊಳಗಿನ ಕಣ್ಣು ಒದ್ದೆಯಾಗಿತ್ತು. ಅವಳು ಉಸಿರೆಳೆದುಕೊಂಡಳು; ಆಮೇಲೇ ಹಾಡು ಮುಂದಕ್ಕೆ ಹೋಯಿತು.

ಆರಾಧನೆ ಮುಗಿದ ಮೇಲೆ ಅವಳು ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಮೇಷ್ಟ್ರು ಕನ್ನಡಿಯನ್ನು ನೇರ ಮಾಡುತ್ತಿದ್ದರು.

“ಈಗ ಎಲ್ಲರೂ ಕಾಣ್ತಾರೆ,” ಎಂದರು. “ಕೈಗೆ ಹೇಳಿದೆ, ಕೇಳಲಿಲ್ಲ. ಇಲ್ಲೇ ಇದ್ರೆ ಯಾವತ್ತೂ ಕೇಳಲ್ಲ. ಅದಕ್ಕೇ ಹೊರಟೆ.”

ಹೋಗಬೇಡಿ ಎನ್ನಲು ಅವಳಿಗೆ ಹಕ್ಕಿರಲಿಲ್ಲ. ಹೋಗಿ ಎನ್ನಲು ನಾಲಿಗೆ ಏಳಲಿಲ್ಲ.

“ಸಾಲಿನ ಮಧ್ಯೆ ಉಸಿರು ತಗೊಳ್ಳಿ,” ಎಂದರು ಮೇಷ್ಟ್ರು. “ಯಾರಿಗೂ ಗೊತ್ತಾಗಲ್ಲ.”

“ನಿಮಗೆ ಗೊತ್ತಾಯ್ತಲ್ಲ.”

ಅವರು ಬಾಗಿಲ ಹತ್ತಿರ ಒಂದು ಗಳಿಗೆ ನಿಂತರು. ತಿರುಗಿದರೆ ಹೋಗಲಾಗದು ಎಂದು ಇಬ್ಬರಿಗೂ ತಿಳಿದಿತ್ತು. ತಿರುಗಲಿಲ್ಲ.

ಈಗ ಆರ್ಗನ್ ನುಡಿಸುವವಳು ಪಾದ್ರಿಗಳ ಮಗಳು. ಚುರುಕು ಕೈ, ಒಂದು ತಪ್ಪಿಲ್ಲ, ಒಂದು ತಡವಿಲ್ಲ. ಎಲ್ಲರಿಗೂ ಭಾರೀ ಖುಷಿ.

ಶರ್ಟಿಗೆಂದು ಬಂದ ಗಂಡನನ್ನು ಅತ್ತೆ ಒಂದು ಭಾನುವಾರ ಕೈಹಿಡಿದು ಎಳೆದು ತಂದಳು. “ದೇವರಿಗೆ ಅಪರೂಪಕ್ಕಾದ್ರೂ ಮುಖ ತೋರ್ಸೋ!” ಅವನು ಕೊನೆಯ ಬೆಂಚಿನಲ್ಲಿ ಕೂತು ಆಕಳಿಸಿದ. ಟೈಲರಮ್ಮ ಮೊದಲ ಸಾಲು ಹಾಡಿದಳು. ಎರಡನೆಯದು ಅವಳಿಗೆ ಸಿಗಲೇ ಇಲ್ಲ. ಅಲ್ಲಿಂದ ಕೊನೆಯವರೆಗೂ ತುಟಿ ಮಾತ್ರ ಆಡಿಸಿದಳು. ಯಾರಿಗೂ ಗೊತ್ತಾಗಲಿಲ್ಲ.

ಮಹಡಿ ಮನೆಯ ಬಾಗಿಲಲ್ಲಿ ಗಂಡ ಹೇಳಿದ: “ಪರವಾಗಿಲ್ವೇ! ಹಾಡೆಲ್ಲ ಬೇಗ ಮುಗೀತು. ಹಿಂದಿನ ಸಲ ಬಂದಾಗ ಯಾರೋ ಒಬ್ಬ ಇದ್ನಲ್ಲ, ಅದೇನು ಎಳೀತಿದ್ನಪ್ಪಾ!”

“ಹೂಂ,” ಎಂದಳು. “ಎಳೀತಿದ್ರು.”

“ಶರ್ಟು ಕೊಡು, ಹೊರಡ್ತೀನಿ.”

“ಊಟ ಮಾಡ್ಕೊಂಡು ಹೋಗ್ರೀ.”

“ಬೇಡ. ಅಲ್ಲಿ ಅವಳು ಕಾಯ್ತಿರ್ತಾಳೆ.”

ಅವಳು ಶರ್ಟಿನ ಚೀಲ ಹಿಡಿದು ಅವನ ಹಿಂದೆ ಬೀದಿಯವರೆಗೆ ಇಳಿದು ಹೋದಳು. “ಬಿಳೀದಕ್ಕೆ ಗುಂಡಿ ಸಡಿಲ ಇತ್ತು, ಹಾಕಿದೀನಿ,” ಎಂದಳು. ಅವನಾಗಲೇ ರಸ್ತೆ ದಾಟುತ್ತಿದ್ದ.

ಜೊತೆಗಿಳಿದಿದ್ದ ಅತ್ತೆ ಮಗನಿಗೆ ಶಾಪ ಹಾಕುತ್ತ ಮನೆಯ ಮೆಟ್ಟಿಲು ಹತ್ತಿ ಮುಂದೆ ಹೋದಳು. ಟೈಲರಮ್ಮನಿಗೆ ಅರ್ಧಕ್ಕೇ ಉಸಿರು ಸಾಲದಾಯಿತು. ಗೋಡೆ ಹಿಡಿದು, ಉಸಿರು ಬರುವವರೆಗೆ ಒಬ್ಬಳೇ ಕಾದಳು.