ಕಲ್ಲಾದ ಊರಿನಲ್ಲಿ ಯುಗಾದಿ

ಬಹಳ ಹಿಂದಿನ ಮಾತು. ಮೋಡದ ಬೆಟ್ಟಗಳ ಆಚೆ ನೀಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಹೊನ್ನಾಯಿ ಎಂಬ ಹುಡುಗಿ ತನ್ನ ಅವ್ವನ ಜೊತೆ ಬಾಳುತ್ತಿದ್ದಳು. ಯುಗಾದಿಯ ಹಿಂದಿನ ಸಂಜೆ ಅವಳು ಬೇವಿನ ಹೂ ತರಲು ಗುಡ್ಡಕ್ಕೆ ಹೋದಳು. ಮಡಿಲು ತುಂಬ ಹೂ ಕಟ್ಟಿಕೊಂಡು ಇಳಿದು ಬಂದರೆ, ಊರಿಗೆ ಊರೇ ಕಲ್ಲಾಗಿತ್ತು! ಬಾವಿಕಟ್ಟೆಯ ಹೆಂಗಸರು ಕಲ್ಲು, ಕೊಡದಿಂದ ತುಳುಕಿದ ನೀರೂ ಕಲ್ಲು. ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಅವ್ವ ಬಗ್ಗಿದ ಹಾಗೆಯೇ ಕಲ್ಲಾಗಿದ್ದಳು.

"ಅವ್ವಾ!" ಎಂದಳು ಹೊನ್ನಾಯಿ. ಉತ್ತರ ಬಂದದ್ದು ಆಕಾಶದಿಂದ.

"ನಾನು ಮಾಂತ್ರಿಕ ಕಾಲಜಟ! ಹೊಸ ವರ್ಷ ಹುಟ್ಟಿದರೆ ನನ್ನ ಆಯುಸ್ಸು ಮುಗಿಯುತ್ತದೆ. ಒಂದು ಮನೆಯಾದರೂ ಕರೆಯದೆ ಅದು ಬರುವುದಿಲ್ಲ. ಕರೆಯುವವರನ್ನೆಲ್ಲ ಕಲ್ಲು ಮಾಡಿದ್ದೇನೆ!"

ಸೂರ್ಯ ಗುಡ್ಡದ ಹೆಗಲ ಮೇಲೆ ನಿಂತುಬಿಟ್ಟ. ಹೊನ್ನಾಯಿ ಅಡುಗೆ ಮಾಡಿದಳು, ಅವ್ವನಿಗೂ ಎಲೆ ಹಾಕಿದಳು, ಒಬ್ಬಳೇ ಉಂಡಳು. ಮಲಗಿ ಎದ್ದರೆ ಅದೇ ಸಂಜೆ. ಮತ್ತೆ ಮಲಗಿ ಎದ್ದರೂ ಅದೇ ಸಂಜೆ. ಮಾತಿಗೆ ಗೋಡೆಯ ಮೇಲಿನ ನೆರಳೊಂದೇ ಜೊತೆ. ಕೊನೆಗೆ ಅವಳು ನೆರಳಿಗೆ ಹೇಳಿದಳು: "ನಾನೊಬ್ಬಳಾದರೂ ಹೊಸ ವರ್ಷವನ್ನು ಕರೆಯುತ್ತೇನೆ."

ತೋರಣಕ್ಕೆ ಮಾವಿನೆಲೆ ಬೇಕು. ಅರಮನೆಯ ಮಾವಿನ ಮರಕ್ಕೆ ಮಾಯಾಸರ್ಪ ಸುತ್ತಿಕೊಂಡಿತ್ತು.

"ಎಲೆ ಕೊಡುತ್ತೇನೆ, ನಿನ್ನ ನೆರಳು ಕೊಡು," ಎಂದಿತು ಸರ್ಪ.

ಕೊಟ್ಟಳು. ಎಲೆ ಹೊತ್ತು ನಡೆದಾಗ ಅವಳ ಹಿಂದೆ ಯಾರೂ ಬರಲಿಲ್ಲ.

ಬೆಲ್ಲ ಬೇಕು. ಆಲೆಮನೆಯ ಬಾಗಿಲಲ್ಲಿ ಮಾಯಾಕರಡಿ ಕೂತಿತ್ತು.

"ಬೆಲ್ಲ ಕೊಡುತ್ತೇನೆ. ನಿನ್ನ ನೆನಪಿನಲ್ಲಿರುವ ಅವ್ವನ ದನಿ ಕೊಡು."

ಆ ದನಿಯೊಂದೇ ಹೊನ್ನಾಯಿಗೆ ಉಳಿದಿತ್ತು. ಅದನ್ನು ಇಟ್ಟುಕೊಂಡರೆ ಅವ್ವ ಕಲ್ಲಾಗಿಯೇ ಇರುತ್ತಾಳೆ. ಅತ್ತು ಅತ್ತು ಕೊನೆಗೆ, "ತಗೋ," ಎಂದಳು. ಜೋಗುಳದ ಪದಗಳು ಉಳಿದವು, ಹಾಡುವ ದನಿ ಅಳಿಸಿಹೋಯಿತು.

ಮನೆಗೆ ಬಂದು ತನ್ನ ತಲೆಗೆ ತಾನೇ ಎಣ್ಣೆ ಒತ್ತಿಕೊಂಡು ನೀರು ಹಾಕಿಕೊಂಡಳು. ತೋರಣ ಕಟ್ಟಿದಳು, ಅವ್ವ ಅರ್ಧಕ್ಕೆ ಬಿಟ್ಟ ರಂಗೋಲಿ ಮುಗಿಸಿದಳು, ಬೇವು ಬೆಲ್ಲ ಕಲಸಿದಳು. ಆದರೆ ಆ ನಾಡಿನಲ್ಲಿ ಬೇವು ಬೆಲ್ಲವನ್ನು ಯಾರೂ ತಾವೇ ತೆಗೆದು ತಿನ್ನುವಂತಿಲ್ಲ. ಇನ್ನೊಬ್ಬರಿಗೆ ಕೊಟ್ಟು, ಅವರ ಕೈಯಿಂದ ತಿನ್ನಬೇಕು. ಕೊಡುವುದು ಯಾರಿಗೆ?

ಆಗ ಬಿರುಗಾಳಿ ಎದ್ದಿತು. ನೆಲ ಗುಡಿಸುವ ಜಡೆ ಎಳೆದುಕೊಂಡು ಕಾಲಜಟನೇ ಬಾಗಿಲಿಗೆ ಬಂದ.

"ನಿನ್ನನ್ನೂ ಕಲ್ಲು ಮಾಡುತ್ತೇನೆ!"

ಹೊನ್ನಾಯಿ ಅವನ ಮುಖ ನೋಡಿದಳು. ಅದು ತುಂಬ ಮುದಿ ಮುಖ.

"ಅಜ್ಜಾ, ನಿಮಗೆ ಯಾರಾದರೂ ಬೇವು ಬೆಲ್ಲ ಕೊಟ್ಟು ಎಷ್ಟು ಕಾಲವಾಯಿತು?"

ಎತ್ತಿದ ಕೈ ನಿಂತಿತು. "ನನ್ನವರೆಲ್ಲ ಯಾವತ್ತೋ ಹೋದರು. ಕೊಡುವವರು ಯಾರಿದ್ದಾರೆ?"

"ಕೈ ಒಡ್ಡಿ."

"ತಿಂದರೆ ನಾನು ಸಾಯುತ್ತೇನೆ, ಗೊತ್ತೇ?"

"ಗೊತ್ತು ಅಜ್ಜಾ. ಮೋಸ ಮಾಡುತ್ತಿಲ್ಲ. ನಾನೂ ಒಬ್ಬಳೇ, ನೀವೂ ಒಬ್ಬರೇ. ಅದಕ್ಕೆ ಕರೆದೆ."

ಕಾಲಜಟ ಎತ್ತಿದ ಕೈ ಇಳಿಸಿದ. ಹೊಸ್ತಿಲಲ್ಲೇ ಕೂತು ಕೈ ಒಡ್ಡಿದ. ಅವಳು ಕೊಟ್ಟಳು, ಅವನ ಕೈಯಿಂದ ತಾನೂ ತಿಂದಳು.

"ಕಹಿ," ಎಂದ ಅವನು.

"ಸ್ವಲ್ಪ ತಾಳಿ, ಸಿಹಿ ಬರುತ್ತದೆ."

ಬಂತು. ಅವನ ತುಟಿಯಲ್ಲಿ ನಗು ಮೂಡಿತು. ಮೂಡಿದಂತೆಯೇ ಅವನು ಬೂದಿಯಾಗಿ ಗಾಳಿಯಲ್ಲಿ ಹಾರಿಹೋದ.

ಸೂರ್ಯ ಮುಳುಗಿದ. ಮರುಗಳಿಗೆಯೇ ಮೂಡಣ ಕೆಂಪಾಗಿ ಹೊಸ ವರ್ಷ ಹುಟ್ಟಿತು. ಕಾಲಜಟನ ಮಾಟದಿಂದ ಸರ್ಪ, ಕರಡಿಯಾಗಿದ್ದವರು ಮತ್ತೆ ಮನುಷ್ಯರಾದರು. ಊರೆಲ್ಲ ಉಸಿರಾಡಿತು. ಹೊನ್ನಾಯಿಯ ಕಾಲ ಬಳಿ ನೆರಳು ಬಂದು ಬಿತ್ತು.

"ಹೊನ್ನೀ, ತಲೆ ಒರೆಸಿಕೊಂಡಿಲ್ಲವೇನೆ?"

ಯಾರ ದನಿಯೋ ಎಂದು ಅವಳು ಸುತ್ತ ನೋಡಿದಳು. ಅಂಗಳದಲ್ಲಿ ಅವ್ವ ನಿಂತಿದ್ದಳು.

"ಇನ್ನೊಂದು ಸಲ ಕರೆ ಅವ್ವಾ," ಎಂದಳು ಹೊನ್ನಾಯಿ. ಅವ್ವ ಕರೆದಳು. ಅವಳು ಆ ದನಿಯನ್ನು ಹೊಸದಾಗಿ ಕಲಿತುಕೊಂಡಳು.

ಅಂದಿನಿಂದ ನೀಲಾವತಿಯಲ್ಲಿ ಬೇವು ಬೆಲ್ಲದ ಮೊದಲ ತುತ್ತು ಒಂಟಿಯಾಗಿರುವವರಿಗೆ. ಯುಗಾದಿಯ ಬೆಳಿಗ್ಗೆ ಬಟ್ಟಲು ಹಿಡಿದು ಅಂಥವರ ಮನೆ ಹುಡುಕಿಕೊಂಡು ಹೋಗುತ್ತಾರೆ. ಆ ನಾಡಿನವರೆಲ್ಲ ಸುಖವಾಗಿದ್ದಾರೆ. ನಾವೂ ಹಾಗೆಯೇ ಇರೋಣ.