ಐದರ ಪಕ್ಕ ಯಾರೂ ಕೂರಲ್ಲ

"ಲೋ ಜ್ಞಾನೇಶ, ನನ್ನ ಜೊತೆ ಬಾರೋ. ಐವತ್ಮೂರು ಪ್ರೈಮ್ ಮಾರಾಯ," ಎಂದು ನವ್ಯಾ ಅವನ ಬ್ಯಾಗ್ ಎಳೆದಳು.

"ನನ್ನ ಜೊತೆ ಬಂದ್ರೆ ಇಪ್ಪತ್ಮೂರು," ಎಂದು ಸಂಜಯ್ ಕೈ ಜಗ್ಗಿದ.

ಶೀತಲ್ ಕಾಲರ್ ಹಿಡಿದಳು. "ನನ್ನ ಜೊತೆಗಾದ್ರೆ ಮೂವತ್ತೇಳು."

ಇದೆಲ್ಲ ವಿಮಲಾ ಮಿಸ್ ಕಿತಾಪತಿ. ಕಾಗದನಗರದ ಶಾಲೆಯಿಂದ ಶಿವಮೊಗ್ಗದ ಕೋಟೆ ನೋಡಲು ಬಸ್ ಹೊರಟು ನಿಂತಿತ್ತು. ಹತ್ತುವ ಮುಂಚೆ ಎಲ್ಲರ ಕೈಗೂ ಒಂದೊಂದು ಪ್ರೈಮ್ ಸಂಖ್ಯೆಯ ಚೀಟಿ. ಅಂದರೆ ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದಕ್ಕೂ ಭಾಗವಾಗದ ಸಂಖ್ಯೆ. ಚೀಟಿ ಪಕ್ಕ ಚೀಟಿ ಇಟ್ಟಾಗ ಬರುವ ದೊಡ್ಡ ಸಂಖ್ಯೆಯೂ ಪ್ರೈಮ್ ಆದರೆ ಮಾತ್ರ ಜೊತೆಗೆ ಕೂರಬಹುದು. ಜೊತೆ ಸಿಗದವರು ಮಿಸ್ ಪಕ್ಕ ಕೂತು, ಶಿವಮೊಗ್ಗ ಬರುವವರೆಗೂ ಹದಿನೇಳರ ಮಗ್ಗಿ ಹೇಳಬೇಕು.

ಹದಿನೇಳರ ಮಗ್ಗಿ ಎಂದರೆ ಸಾಕು, ನವ್ಯಾಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

ಮೂರರ ಚೀಟಿ ಸಿಕ್ಕ ಜ್ಞಾನೇಶನ ಗತ್ತು ಕೇಳಬೇಕೆ? ಮದುವೆ ಗಂಡಿನ ಹಾಗೆ ಬೀಗಿ ಬೀಗಿ, ಕೊನೆಗೆ ಹನ್ನೊಂದರ ಲಿಖಿತಾಳ ಜೊತೆ ಮುನ್ನೂರ ಹನ್ನೊಂದಾಗಿ ಬಸ್ ಹತ್ತೇಬಿಟ್ಟ. ಕೆಳಗೆ ಉಳಿದವರು ಮೂವರೇ: ಐದರ ನವ್ಯಾ, ಎರಡರ ಸಂಜಯ್, ಏಳರ ಶೀತಲ್.

"ನಾನು, ನೀನು ಸೇರಿದ್ರೆ?" ನವ್ಯಾ ಸಂಜಯ್‌ನನ್ನು ಕೇಳಿದಳು.

"ಐದೈದ್ಲಿ ಇಪ್ಪತ್ತೈದು. ನೀನು ಕೊನೆಗೆ ನಿಂತ್ರೆ ಎಲ್ಲಾ ಕೆಡತ್ತೆ. ನಾನು ನಿಂತ್ರೂ ಅಷ್ಟೇ, ಸರಿಸಂಖ್ಯೆ."

"ನನ್ನ ಜೊತೆಗೂ ಆಗಲ್ಲ," ಎಂದಳು ಶೀತಲ್. "ಐವತ್ತೇಳು ಮೂರರಲ್ಲಿ ಹೋಗತ್ತೆ."

ನವ್ಯಾಗೆ ಅಳುವೇ ಬಂತು. "ಹಾಗಾದ್ರೆ ನೀವಿಬ್ರು ಹೋಗಿ."

"ಎಲ್ಲಿಗೆ ಹೋಗೋದು? ನಾವಿಬ್ರು ಇಪ್ಪತ್ತೇಳು. ಮೂರೊಂಬತ್ಲಿ," ಎಂದ ಸಂಜಯ್.

ಡ್ರೈವರ್ ಧರ್ಮಪ್ಪ ಹಾರ್ನ್ ಒತ್ತಿದರು. "ಏನ್ರೋ ನಿಮ್ಮ ಪಂಚಾಯ್ತಿ? ಮೂರು ಜನದ ಸೀಟು ಖಾಲಿ ಇದೆ, ಹತ್ತಿ."

ಮೂರು ಜನ? ನವ್ಯಾ ತನ್ನ ಚೀಟಿಯನ್ನು ಅವರಿಬ್ಬರ ಚೀಟಿಗಳ ಮಧ್ಯೆ ತೂರಿಸಿದಳು. ಎರಡು, ಐದು, ಏಳು. ಇನ್ನೂರ ಐವತ್ತೇಳು. ಮೂವರೂ ಬೆರಳು ಮಡಚಿ ಭಾಗಿಸಿದ್ದೇ ಭಾಗಿಸಿದ್ದು. ಅದು ಮೂರಕ್ಕೂ ಬಗ್ಗಲಿಲ್ಲ, ಏಳಕ್ಕೂ ಬಗ್ಗಲಿಲ್ಲ, ಹನ್ನೊಂದು ಹದಿಮೂರಕ್ಕೂ ಜಗ್ಗಲಿಲ್ಲ.

"ಮಿಸ್, ಮೂರು ಜನ ಸೇರಬಹುದಾ?"

"ಇಬ್ರೇ ಸೇರ್ಬೇಕು ಅಂತ ನಾನೆಲ್ಲಿ ಹೇಳಿದ್ದೆ?" ಎಂದರು ಮಿಸ್.

ನವ್ಯಾ ಓಡಿಹೋಗಿ ಕಿಟಕಿ ಪಕ್ಕ ಕೂತಳು.

"ಅಲ್ಲಿ ಕೂತ್ರೆ ಐನೂರ ಇಪ್ಪತ್ತೇಳಾಗತ್ತೆ ಕಣೆ. ಹದಿನೇಳ್ ಮೂವತ್ತೊಂದ್ಲಿ," ಎಂದರು ಮಿಸ್.

ಹದಿನೇಳು ಎಂದದ್ದೇ ತಡ, ನವ್ಯಾ ಸರ್ರನೆ ನಡುವಿಗೆ ಸರಿದಳು. ಈ ಕಡೆ ಸಂಜಯ್‌ನ ಮೊಣಕೈ, ಆ ಕಡೆ ಶೀತಲ್‌ಳ ತಿಂಡಿ ಡಬ್ಬಿ.

ಬಸ್ ಊರು ದಾಟಿದ ಮೇಲೆ ಸಂಜಯ್ ಪಿಸುಗುಟ್ಟಿದ, "ಕಿಟಕಿ ಬೇಕಾದ್ರೆ ಬಾರೇ. ಮಿಸ್ ನೋಡ್ತಿಲ್ಲ."

ನವ್ಯಾ ಆ ಕಡೆ ನೋಡಿದಳು, ಈ ಕಡೆ ನೋಡಿದಳು.

"ಬೇಡ ಬಿಡೋ. ನಾನು ಮಧ್ಯದಿಂದ ಎದ್ರೆ ನೀವಿಬ್ರು ಬರೀ ಇಪ್ಪತ್ತೇಳು," ಎಂದು ಇಬ್ಬರ ನಡುವೆ ಹಾಯಾಗಿ ಒರಗಿಕೊಂಡಳು.