ಕ್ಲೈಮ್ಯಾಕ್ಸ್ ಹೇಳಬಾರದು

"ನಿಮ್ಮ ಮಾತು ಕೇಳಿದ್ರ ಸಿನಿಮಾ ನೋಡಿ ಬಂದಂಗ ಅನಸೂದಿಲ್ರಿ... ಪಂಚನಾಮಿ ಮಾಡಿ ಬಂದಂಗ ಅನಸ್ತೈತಿ!"

ಚಹಾದಂಗಡಿಯಲ್ಲಿದ್ದವರೆಲ್ಲ ಒಮ್ಮೆಲೇ ಅತ್ತ ತಿರುಗಿದರು.

ಹಾಗೆಂದವನು ಬೀರೇಶ. ಖಾನಾಪುರದವನು, ದಿನಾ ಬಸ್ಸಿನಲ್ಲಿ ಬಂದು ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವವನು. ಎದುರಿಗೆ ಕುಳಿತಿದ್ದವಳು ಪ್ರಮಿಳಾ. ಆ ಗುಂಪಿಗೆ ಅವಳು ಬಂದದ್ದು ಅದೇ ಮೊದಲ ದಿನ. ಗೆಳತಿ ಸಮೃದ್ಧಿ ಕೈಹಿಡಿದು ಎಳೆದುಕೊಂಡು ಬಂದಿದ್ದಳು.

ಭಾನುವಾರ ಬೆಳಿಗ್ಗೆ ಟಿಳಕವಾಡಿಯ ಆ ಅಂಗಡಿಯಲ್ಲಿ ಸೇರುವ ಮಂದಿಗೆ ಒಂದೇ ಹುಚ್ಚು, ಸಿನಿಮಾ. ವಾರದಲ್ಲಿ ಯಾರು ಏನು ನೋಡಿದರೋ ಅದರ ಬಗ್ಗೆ ಬಾಯಿ ಬಿಚ್ಚಬೇಕು. ಹೊಗಳಬಹುದು, ಉಗಿಯಬಹುದು, ಟಿಕೆಟ್ಟು ದಂಡವಾಯಿತೆಂದು ಗೋಳಾಡಬಹುದು. ಆದರೆ ಕ್ಲೈಮ್ಯಾಕ್ಸ್ ಮಾತ್ರ ಹೇಳಬಾರದು! ಹೇಳಿದವರು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು. ಈ ಕಾನೂನು ಮಾಡಿದವರು ಗುಂಪಿನ ಹಿರಿಯರಾದ ಬಾಳಾಸಾಹೇಬರು. ಇಲ್ಲಿಯತನಕ ಅತಿ ಹೆಚ್ಚು ಭಜಿ ತಿನ್ನಿಸಿದವರೂ ಅವರೇ.

ಪ್ರಮಿಳಾ ಕಾನೂನು ಮುರಿದಿರಲಿಲ್ಲ. ಕ್ಯಾಮೆರಾ ಚೆನ್ನಾಗಿದೆ, ಹಾಡು ಜಾಸ್ತಿಯಾಯಿತು, ನಾಯಕಿ ಬೇಕಾದ್ದಕ್ಕಿಂತ ಹೆಚ್ಚು ಅತ್ತಳು... ಇಷ್ಟೇ ಹೇಳಿ ಸುಮ್ಮನಾಗಿದ್ದಳು.

"ಏ ಬೀರೇಶ, ಮೊದಲನೇ ದಿನಾನ ಆ ತಂಗಿನ್ನ ಹೆದರಸ್ತೀಯೇನಪ್ಪ?" ಎಂದು ಬಾಳಾಸಾಹೇಬರು ಗದರಿದರು.

ಬೀರೇಶನ ಮುಖ ಸಣ್ಣದಾಯಿತು. "ಹಂಗಲ್ರಿ ಕಾಕಾ... ಅಷ್ಟು ಮಂದಿ ಅಳೂ ಜಾಗಾದಾಗ ಇವರಿಗೆ ಏನೂ ಅನಸಲಿಲ್ಲೇನು ಅಂತ ಕೇಳಿದೆ."

ಪ್ರಮಿಳಾ ಅವನನ್ನೇ ನೋಡಿದಳು. ಸಿಟ್ಟು ಬರಬೇಕಿತ್ತು. ಅವಮಾನವಾಗಬೇಕಿತ್ತು. ಒಳಗೆ ಹುಡುಕಿದಳು... ಏನೂ ಸಿಗಲಿಲ್ಲ.

"ಇಲ್ರಿ. ಏನೂ ಅನಸಲಿಲ್ಲ" ಎಂದಳು.

ಆ ಮಾತನ್ನು ಅವಳು ತೀರಾ ತಣ್ಣಗೆ ಹೇಳಿದಳು. ಮಾತಿನಲ್ಲಿ ಯಾರಿಗೂ ಸೋಲದ ಬೀರೇಶ, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕೆಮ್ಮಿದ.

*

ಪ್ರಮಿಳಾ ಹುಟ್ಟಾ ಹೀಗೆ ಇದ್ದವಳಲ್ಲ. ಟಿ.ವಿ. ಜಾಹೀರಾತಿನಲ್ಲಿ ಅಜ್ಜಿ ಕಣ್ಣೊರೆಸಿಕೊಂಡರೂ ಇವಳಿಗೆ ಕಣ್ಣು ತುಂಬುತ್ತಿತ್ತು. ಅದನ್ನು ನೋಡಿ ತಾಯಿ ಪದ್ಮವ್ವ, "ಇಕಿನ ಕಣ್ಣೀರಿಗೆ ಒಂದು ನಳ ಕೂಡ್ರಸಬೇಕ್ರಿ" ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದಳು. ತಾಯಿ, ಮಗಳು ಇಬ್ಬರೇ ಇದ್ದ ಮನೆ ಅದು.

ಕಳೆದ ವರ್ಷ ಒಂದು ಮಧ್ಯಾಹ್ನ ಪ್ರಮಿಳಾ ಥಿಯೇಟರಿನಲ್ಲಿ ಫೋನನ್ನು ಸೈಲೆಂಟಿಗಿಟ್ಟು ಸಿನಿಮಾ ನೋಡುತ್ತ ಕುಳಿತಿದ್ದಳು. ಹೊರಗೆ ಬಂದು ನೋಡಿದರೆ ಬಾಜೂ ಮನೆಯವರ ಮಿಸ್ಡ್ ಕಾಲ್‌ಗಳ ಸಾಲು. ಪದ್ಮವ್ವನಿಗೆ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

"ತಾಯಿ ಜೀವ ಹೋಗೂ ಹೊತ್ತಿನ್ಯಾಗ ಮಗಳು ಥೇಟರಿನ್ಯಾಗ ಕುಂತಿದ್ಲು ನೋಡ್ರಿ!" ಎಂದು ಸೋದರತ್ತೆ ಸತ್ಯವ್ವ ಹೆಣದ ಮುಂದೆಯೇ ಆಡಿದಳು.

ಪ್ರಮಿಳಾ ಅಳಲಿಲ್ಲ. ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಟಿಳಕವಾಡಿಯ ಲ್ಯಾಬಿನಲ್ಲಿ ಅವಳ ಕೆಲಸ ರಕ್ತ ತೆಗೆಯುವುದು. ದಿನವಿಡೀ ಸೂಜಿ ಚುಚ್ಚುತ್ತ, "ನೋವಾತೇನ್ರಿ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಮನೆಗೆ ಬಂದು ಅನ್ನ ಮಾಡಿ, ಉಪ್ಪು ಹಾಕಿದೆನೋ ಇಲ್ಲವೋ ಎಂಬುದೂ ತಿಳಿಯದೆ ಉಣ್ಣುತ್ತಿದ್ದಳು. ಜೀವ ಇತ್ತು, ಅಷ್ಟೇ.

ಆದರೂ ಸಿನಿಮಾಕ್ಕೆ ಹೋಗುವುದನ್ನು ಬಿಡಲಿಲ್ಲ. ನಾಚಿಕೆಗೇಡಿ ಎಂದು ಸತ್ಯವ್ವ ಫೋನಿನಲ್ಲೇ ಬೈದಳು. ಪಾಪ, ಆ ಹುಡುಗಿಯ ಮನಸ್ಸಿನಲ್ಲಿದ್ದದ್ದು ಯಾರಿಗೆ ಗೊತ್ತು? ಎಲ್ಲ ನಿಂತುಹೋದದ್ದು ಥಿಯೇಟರಿನ ಆ ಕತ್ತಲಲ್ಲಿ. ಮತ್ತೆ ಶುರುವಾದರೂ ಅಲ್ಲಿಯೇ ಆಗಬೇಕು... ಎಂದುಕೊಂಡು ಹೋಗಿ ಕೂರುತ್ತಿದ್ದಳು. ಒಂದು ಸಲ ಅಳು ಬಂದರೆ ಸಾಕಿತ್ತು. ಬರದಿದ್ದರೆ ತಾನು ಇನ್ನು ಹೀಗೇ ಉಳಿದುಬಿಡುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆ ಹೆದರಬೇಕೆಂದರೆ ಹೆದರಿಕೆಯೂ ಬರುತ್ತಿರಲಿಲ್ಲ.

*

ಮುಂದಿನ ಭಾನುವಾರ ಬೀರೇಶ ತಾನಾಗಿಯೇ ಬಂದು ಎದುರಿಗೆ ಕುಳಿತ.

"ತಪ್ಪಾತ್ರಿ. ಹಂಗ ಅನಬಾರದಿತ್ತು."

"ನೀವು ಅಂದಿದ್ದು ಖರೇನ ಐತಿ, ಬಿಡ್ರಿ."

"ಮತ್ತ... ಈ ವಾರ ಏನರ ಅನಸ್ತೇನ್ರಿ?"

"ಇಲ್ರಿ."

"ಇರ್ಲಿ ಬಿಡ್ರಿ. ಮುಂದಿನ ವಾರ ನೋಡೂಣು."

ಅದೇ ರೂಢಿಯಾಯಿತು. ಯಾರ ಅಭಿಪ್ರಾಯ ಮುಗಿದರೂ ಕೊನೆಗೆ ಬೀರೇಶ ಮೆಲ್ಲಗೆ ಅವಳತ್ತ ಬಾಗಿ ಕೇಳುವುದು, ಅವಳು ಇಲ್ಲವೆನ್ನುವುದು. ಅವನು ಒಮ್ಮೆಯೂ ನಗಲಿಲ್ಲ, ಬುದ್ಧಿ ಹೇಳಲಿಲ್ಲ, ಡಾಕ್ಟರರ ನಂಬರ್ ಕೊಡಲಿಲ್ಲ. ಅವನು ಸಿನಿಮಾ ಹೇಳುತ್ತಿದ್ದ ರೀತಿಯೇ ಬೇರೆ. ವಿಲನ್ ಬಂದರೆ ಟೇಬಲ್ ಗುದ್ದುತ್ತಿದ್ದ, ಹಾಡು ಬಂದರೆ ಹಾಡುತ್ತಿದ್ದ. ಕೊನೆಗೆ ಮಾತ್ರ ಒಂದೇ ಮಾತು.

"ಕೊನಿ ನಾ ಹೇಳೂದಿಲ್ರಿ. ನೀವ ನೋಡ್ರಿ. ಎದಿ ತುಂಬಿ ಬರತೈತಿ!"

"ಇವನೊಬ್ಬನ ನೋಡ್ರಿ ನಮ್ಮ ಕಾನೂನು ಪಾಲಸಾಂವ" ಎಂದು ಬಾಳಾಸಾಹೇಬರು ಬೆನ್ನು ತಟ್ಟುತ್ತಿದ್ದರು.

ಭಾನುವಾರ ಬಂತೆಂದರೆ ಪ್ರಮಿಳಾ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿದಳು. ಇದಕ್ಕೆ ಏನೆನ್ನಬೇಕು? ಪ್ರೀತಿ ಎನ್ನಲು ಅವಳಿಗೆ ಧೈರ್ಯವಿರಲಿಲ್ಲ.

ಒಂದು ಶುಕ್ರವಾರ ಬೀರೇಶನೇ ಫೋನ್ ಮಾಡಿದ. "ಹೊಸಾ ಸಿನಿಮಾ ಬಂದೈತ್ರಿ. ಓಡಿಹೋದ ಮಗಳಿಗಾಗಿ ಅಪ್ಪ ದಿನಾ ಸ್ಟೇಶನ್ನಿನ್ಯಾಗ ಕಾಯ್ತಾನಂತ. ಬರ್ತೀರೇನ್ರಿ... ಕೂಡಿ ನೋಡೂಣು?"

ಮರುದಿನ ಮಧ್ಯಾಹ್ನದ ಆಟ. ಇಂಟರ್ವಲ್ಲಿನಲ್ಲಿ ಅವನು ಪಾಪ್‌ಕಾರ್ನ್ ತಂದು ಅವಳ ಕೈಗಿಟ್ಟ. ಅವಳು ಅದನ್ನು ತಿನ್ನದೆ ಹಿಡಿದುಕೊಂಡೇ ಕುಳಿತಳು. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು. ಅವ್ವನ ಎದೆನೋವು, ಸೈಲೆಂಟಿಗಿಟ್ಟ ಫೋನು, ಸತ್ಯವ್ವನ ಮಾತು... ಎಲ್ಲ.

ಬೀರೇಶ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲೈಟ್ ಆರಿತು.

ಸಿನಿಮಾ ಕೊನೆಗೆ ಬರುತ್ತಿತ್ತು. ಮಗಳಿದ್ದ ರೈಲು ಊರನ್ನು ಸಮೀಪಿಸಿತು. ಆಗ ಬೀರೇಶ ಎದ್ದು ನಿಂತ.

"ನಾ ಬರ್ತೇನ್ರಿ..."

ಅಷ್ಟೇ! ಅವಳು ತಲೆಯೆತ್ತುವಷ್ಟರಲ್ಲಿ ಬಾಗಿಲ ಪರದೆಯಾಚೆ ಹೋಗಿಬಿಟ್ಟಿದ್ದ.

ಪ್ರಮಿಳಾ ಕುಳಿತೇ ಇದ್ದಳು. ಮಗಳು ಇಳಿದಳು. ಅಪ್ಪ ಇರಲಿಲ್ಲ, ಹಿಂದಿನ ವಾರವಷ್ಟೇ ಸತ್ತಿದ್ದ. ಸುತ್ತ ಮೂಗೆಳೆದುಕೊಳ್ಳುವ ಸದ್ದು. ಅವಳು ಬರಿದಾದ ಬಾಜೂ ಕುರ್ಚಿಯನ್ನು ನೋಡಿದಳು.

'ಇವನಿಗೂ ನಾನು ಬೇಡವಾದೆ... ತಾಯಿ ಸಾಯುವಾಗ ಸಿನಿಮಾ ನೋಡುತ್ತಿದ್ದವಳ ಬಾಜೂಕ ಯಾರು ತಾನೇ ಕೂರುತ್ತಾರೆ?'

ಅನಿಸಿದ್ದು ಅಷ್ಟು. ಅದೂ ಬೇರೆ ಯಾರದೋ ಸುದ್ದಿಯಂತೆ ಕೇಳಿಸಿತು. ಆ ಸಂಜೆ "ಮನಿ ಮುಟ್ಟಿದ್ರೇನ್ರಿ?" ಎಂದು ಅವನ ಮೆಸೇಜ್ ಬಂತು. ನೋಡಿ, ಫೋನನ್ನು ಬೋರಲು ಹಾಕಿ ಮಲಗಿದಳು.

*

ಭಾನುವಾರ ಅವಳು ಹೋಗಲಿಲ್ಲ. ಸಭೆ ಮುಗಿದ ಕೂಡಲೇ ಸಮೃದ್ಧಿಯ ಫೋನ್ ಬಂತು.

"ಯಾಕ ಬರಲಿಲ್ಲಲೇ? ಬೀರೇಶ ಆ ಸ್ಟೇಶನ್ ಸಿನಿಮಾ ಏನ್ ಹೇಳಿದ್ರು ಅಂತಿ! ಕೊನಿ ನಾ ಹೇಳೂದಿಲ್ಲ, ನೀವ ನೋಡ್ರಿ, ಎದಿ ತುಂಬಿ ಬರತೈತಿ ಅಂದ್ರು. ನನಗಂತೂ ಇವತ್ತ ನೋಡಬೇಕು ಅನಸೈತಿ."

"ಏನಂದ್ರು?"

"ಎದಿ ತುಂಬಿ ಬರತೈತಿ ಅಂತ."

ಪ್ರಮಿಳಾಳ ಕಿವಿ ಬಿಸಿಯಾಯಿತು. ನೋಡೇ ಇಲ್ಲ! ನನ್ನನ್ನು ಬಿಟ್ಟು ಎದ್ದು ಹೋದವನು, ಎದೆ ತುಂಬಿ ಬರುತ್ತದೆ ಎಂದು ಹತ್ತು ಮಂದಿಯ ಮುಂದೆ ಸುಳ್ಳು ಹೇಳುತ್ತಾನೆಯೇ?

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಬಸ್ಸು ಹತ್ತಿ ಕುಳಿತ ಮೇಲಷ್ಟೇ ಅವಳಿಗೆ ಗೊತ್ತಾದದ್ದು, ಇದು ಸಿಟ್ಟು ಎಂದು. ವರ್ಷದ ಮೇಲೆ ಮೊದಲ ಸಲ ಸಿಟ್ಟು ಬಂದಿತ್ತು!

ಬೀರೇಶನ ಮನೆಯ ವಿಳಾಸ ಕೊಟ್ಟವರು ಬಾಳಾಸಾಹೇಬರು. "ಖಾನಾಪುರ ಬಸ್ ಸ್ಟ್ಯಾಂಡಿನ್ಯಾಗ ಇಳಿದು ಅವರವ್ವ ಕಂಬಳಿ ಭರಮವ್ವನ ಮನಿ ಎಲ್ಲಿ ಅಂತ ಕೇಳವಾ, ಯಾರರ ತೋರಸ್ತಾರ" ಎಂದಿದ್ದರು. ತೋರಿಸಿದರು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಬೀರೇಶನ ದನಿ ಕೇಳಿ ಪ್ರಮಿಳಾ ಹೊಸ್ತಿಲಲ್ಲೇ ನಿಂತಳು.

"...ಅಪ್ಪ ಅದ ಬೆಂಚಿನ ಮ್ಯಾಲ ಕುಂತಿರತಾನವ್ವ. ಅತ್ತಾಗ ಮಗಳ ರೈಲು ಬರಾಕತ್ತೈತಿ."

"ಮುಂದ?" ಎಂದಿತು ಒಂದು ಹೆಣ್ಣುದನಿ.

"ಮುಂದಿಂದು ನನಗೇನ ಗೊತ್ತು? ಎದ್ದ ಬಂದೆ."

"ಛಲೋ ಮಾಡಿದಿ. ಮುಂದಿಂದು ನಾ ಹೇಳ್ತೇನಿ ಕೇಳ್. ರೈಲು ನಿಂದರತೈತಿ. ಮಗಳು ಇಳೀತಾಳ. ಅಪ್ಪ ಎದ್ದು, ಇಷ್ಟೊತ್ತನಕ ಎಲ್ಲಿ ಸತ್ತಿದ್ದಿ ಅಂತ ಬೈತಾನ. ಮುಗೀತು. ಯಾರನ್ನೂ ಸಾಯಗೊಡೂದಿಲ್ಲ ನಾ."

"ನಿಮ್ಮ ಮಗ ಯಾವಾಗ್ಲೂ ಹಿಂಗ ಎದ್ದು ಬರ್ತಾರೇನ್ರಿ?" ಎಂದಳು ಪ್ರಮಿಳಾ, ಹೊಸ್ತಿಲಿಂದಲೇ.

ತಾಯಿ, ಮಗ ಇಬ್ಬರೂ ಬೆಚ್ಚಿ ತಿರುಗಿದರು. ಬೀರೇಶನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ಪ್ರಮಿಳಾ... ನೀವು... ಒಳಗ ಬರ್ರಿ..."

"ಒಂದು ಸಿನಿಮಾನೂ ಪೂರ್ತಿ ನೋಡಿಲ್ಲಲ್ಲ ನೀವು? ಎದಿ ತುಂಬಿ ಬರತೈತಿ ಅಂತ ಅಷ್ಟು ಮಂದಿಗೆ ಸುಳ್ಳ ಹೇಳ್ತೀರಿ!"

ಅವನು ತಲೆತಗ್ಗಿಸಿದ. "ಹೌದ್ರಿ. ಕ್ಲೈಮ್ಯಾಕ್ಸ್ ಹೇಳಬಾರದು ಅಂತ ಕಾನೂನು ಇತ್ತಲ್ರಿ... ನಡೀತು."

"ಯಾಕ?"

ಬೀರೇಶ ಗೋಡೆಯ ಮೇಲಿನ ಫೋಟೊದತ್ತ ನೋಡಿದ. "ಅಪ್ಪ ರಾಯಪ್ಪ. ದವಾಖಾನಿಯೊಳಗಿದ್ದಾಗ ದಿನಾ ಒಂದೊಂದು ಸಿನಿಮಾ ಹೇಳ್ತಿದ್ನಿ. ಒಂದಿನ ಹೊತ್ತಾತು. ಕೊನಿ ನಾಳೆ ಹೇಳ್ತೇನಪ್ಪ ಅಂತ ಬಂದೆ. ಮರುದಿನ ಅಪ್ಪ ಇರಲಿಲ್ಲ... ಅವತ್ತಿನಿಂದ ಕೊನಿ ಬಂತಂದ್ರ ಕುಂದರಾಕ ಆಗೂದಿಲ್ರಿ. ಕಾಲ ತಾವ ಏಳ್ತಾವ."

"ನಾ ನಮ್ಮವ್ವನ ಸುದ್ದಿ ಹೇಳಿದೆ. ನೀವು ಒಂದು ಮಾತು ಆಡಲಿಲ್ಲ. ಎದ್ದು ಹ್ವಾದ್ರಿ! ನಾ ಏನಂತ ತಿಳ್ಕೋಬೇಕಿತ್ತು?"

ಅವನ ಮುಖ ಬಿಳಿಚಿಕೊಂಡಿತು. ಅದು ಅವನಿಗೆ ಹೊಳೆದೇ ಇರಲಿಲ್ಲ. ಗಂಡಸರಿಗೆ ಕೆಲವು ಸಂಗತಿ ಹೊಳೆಯುವುದು ಹೀಗೆ, ಎದುರಿಗೆ ನಿಂತು ಕೂಗಿದ ಮೇಲೆಯೇ.

"ಏನಾಗಿತ್ತು ತಂಗಿ ನಿಮ್ಮವ್ವಗ? ಬಾ, ಕುಂದರ ಬಾ" ಎಂದು ಭರಮವ್ವ ಬಾಜೂಕ ಕಂಬಳಿ ಸರಿಸಿದಳು.

ಪ್ರಮಿಳಾ ಕುಳಿತು ಹೇಳಿದಳು. ಲ್ಯಾಬಿನ ರಿಪೋರ್ಟ್ ಓದುವವರಂತೆ, ಒಂದೇ ದನಿಯಲ್ಲಿ, ಎಲ್ಲ ಹೇಳಿದಳು. ಭರಮವ್ವ ಅಯ್ಯೋ ಎನ್ನಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದಳು.

"ಅವತ್ತ ನೀ ನೋಡಿದ್ದು ಎಂಥಾ ಸಿನಿಮಾ? ಛಲೋ ಇತ್ತೇನು?"

ಪ್ರಮಿಳಾ ತಟ್ಟನೆ ತಲೆಯೆತ್ತಿದಳು.

ಈ ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಯಾಕೆ ಹೋಗಿದ್ದೆ ಎಂದು ಕೇಳಿದ್ದರು, ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದ್ದರು. ಸಿನಿಮಾ ಹೇಗಿತ್ತು ಎಂದು ಕೇಳುವುದು ಅವ್ವ ಒಬ್ಬಳೇ. ಮನೆಗೆ ಕಾಲಿಟ್ಟ ಕೂಡಲೇ ಕೇಳುತ್ತಿದ್ದಳು.

"ಛಲೋ ಇತ್ರಿ..." ಎಂದಳು. ದನಿ ಒಡೆಯಿತು. "ಭಾಳ ಛಲೋ ಇತ್ತು. ನಾ ಹೊಟ್ಟಿ ಹಿಡಕೊಂಡು ನಕ್ಕೆ... ಅವ್ವ ಅಲ್ಲಿ ಒದ್ದಾಡಾಕತ್ತಿದ್ಲು, ನಾ ಇಲ್ಲಿ ನಗಾಕತ್ತಿದ್ದೆ! ಮನಿಗೆ ಹೋಗಿ ಅವ್ವಗ ಹೇಳಬೇಕು ಅಂತ ಒಂದು ಡೈಲಾಗ್ ನೆನಪಿಟ್ಕೊಂಡಿದ್ದೆ..."

"ಏನದು? ನನಗ ಹೇಳು."

"ಮದುವಿ ಮನಿಯೊಳಗ... ಕಾಕಾ ಬರಿಗಾಲಿಲೆ ನಿಂತಿರತಾನ. ನಿನ್ನ ಚಪ್ಪಲಿ ಎಲ್ಲಿ ಹ್ವಾದ್ವು ಅಂತ ಕೇಳ್ತಾರ. ಅಂವ... ಅಂವ ಅಂತಾನ... ನನಗಿಂತ ಮೊದಲ ಊಟಾ ಮುಗಿಸಿ ಹ್ವಾದ್ವು..."

ಭರಮವ್ವ ಗೊಳ್ಳೆಂದು ನಕ್ಕಳು. ಕಣ್ಣಲ್ಲಿ ನೀರು ಬರುವಂತೆ, ತೊಡೆ ತಟ್ಟಿಕೊಂಡು ನಕ್ಕಳು.

ಪ್ರಮಿಳಾ ಅವಳ ಮಡಿಲಿಗೆ ಬಿದ್ದು ಅತ್ತಳು. ಜೋರಾಗಿ, ಅಸಹ್ಯವಾಗಿ, ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಇಷ್ಟು! ಭರಮವ್ವ ಅವಳ ತಲೆ ಸವರುತ್ತ, ಇನ್ನೂ ನಿಲ್ಲದ ನಗುವಿನಲ್ಲೇ, "ಅಳು... ಅಳು ಯವ್ವಾ" ಎಂದಳು. ಬೀರೇಶ ಬಾಗಿಲ ಹತ್ತಿರವೇ ನಿಂತಿದ್ದ. ಎಲ್ಲಿಗೂ ಹೋಗಲಿಲ್ಲ.

*

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗಾವಿಯ ಬಸ್ಸು ಇನ್ನೂ ಬಂದಿರಲಿಲ್ಲ. ಪ್ರಮಿಳಾಳ ಕಣ್ಣು ಊದಿಕೊಂಡಿದ್ದವು, ತಲೆ ಸಿಡಿಯುತ್ತಿತ್ತು. ಮೈಯೆಲ್ಲ ನೋವು. ಆ ನೋವು ಅವಳಿಗೆ ಹಿತವಾಗಿತ್ತು.

"ಅವತ್ತ ನಾ ಎದ್ದು ಹೋಗಬಾರದಿತ್ತು" ಎಂದ ಬೀರೇಶ.

"ಹೌದು. ಹೋಗಬಾರದಿತ್ತು."

ಅವನು ಅವಳತ್ತ ತಿರುಗಿದ. "ಪ್ರಮಿಳಾ... ನಿಮ್ಮ ಮ್ಯಾಲ ಭಾಳ ಜೀವ ಐತ್ರಿ ನನಗ. ಭಾನುವಾರ ನಾ ಬರೂದು ಸಿನಿಮಾದ ಸಲುವಾಗಿ ಅಲ್ಲ."

ಸುಳ್ಳು ಆಸೆ ಕೊಡುವುದು ಅವಳಿಗೆ ಬೇಡವಾಗಿತ್ತು.

"ನಾಳೆ ಎದ್ರ ಮತ್ತ ಮೊದಲಿನಂಗ ಆಗಿರಬಹುದು ನಾ. ಏನೂ ಅನಸದ, ಕಲ್ಲಿನಂಗ... ಆವಾಗ ಏನ್ ಮಾಡ್ತೀರಿ?"

"ಬಾಜೂಕ ಕುಂದರ್ತೇನಿ."

"ಎಲ್ಲಿತನಕ?"

"ಲೈಟ್ ಹತ್ತೂತನಕ."

ಅವಳ ತುಟಿಯಂಚಿನಲ್ಲಿ ಏನೋ ಅಲುಗಿತು. ಮೆಲ್ಲಗೆ ಕೈ ಚಾಚಿ ಅವನ ಬೆರಳು ಹಿಡಿದಳು. ಬಿಸಿಯಾಗಿದ್ದವು.

"ಲೈಟ್ ಹತ್ತಿದ ಮ್ಯಾಲ?"

"ಕೂಡಿ ಮನಿಗೆ ಹೋಗೂಣು."